ಕಾಟವ್ವನ ಮುಂದಿಟ್ಟ ವೀಳ್ಯ

"ನಾಳೆಯಿಂದ ನಿನ್ನ ರೊಟ್ಟಿ ನೀನೇ ತಟ್ಟಿಕೋ. ನಾನು ಅರಮನೆಯ ಬಿಡದಿಗೆ ಯಜಮಾನಿ ಆಗೋಳು," ಎಂದು ಛತ್ರದ ಒಡೆಯನ ಮುಖಕ್ಕೇ ಹೇಳಿ ಕಾಟವ್ವ ಕಂಚಿಗುಡ್ಡದ ದಾರಿ ಹಿಡಿದಳು.

ಕೆಲಸ ಇನ್ನೂ ಸಿಕ್ಕಿರಲಿಲ್ಲ. ಸಿಗದಿದ್ದರೆ ಅದೇ ಒಡೆಯನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಕಾಟವ್ವನ ತಲೆಗೆ ಆ ಅಭ್ಯಾಸವಿರಲಿಲ್ಲ.

ಅರಮನೆಗೆ ಬಂದ ನೆಂಟರು ಇಳಿದುಕೊಳ್ಳುವ ಮನೆಯೇ ಬಿಡದಿ. ಅದನ್ನು ನೋಡಿಕೊಳ್ಳಲು ಜಾಣರೊಬ್ಬರು ಬೇಕೆಂದು ಮುದ್ದಣ್ಣ ನಾಯಕರು ಡಂಗುರ ಸಾರಿಸಿದ್ದರು. ಆರಿಸುವ ಭಾರ ಪ್ರಧಾನಿ ಪರಶುರಾಮಯ್ಯ ಮತ್ತು ದಳವಾಯಿ ಬೊಮ್ಮಣ್ಣನದು. ಪ್ರಧಾನಿಗೆ ಕೆಲಸವಿಲ್ಲದ ಬಾಮೈದನೊಬ್ಬ ಇದ್ದಾನೆಂಬುದನ್ನು ಮಾತ್ರ ಡಂಗುರದವನು ಸಾರಿರಲಿಲ್ಲ.

ಕಾಟವ್ವ ಬೆಳಿಗ್ಗೆಯೇ ಬಂದಳು. "ಹೊರಗೆ ನಿಂತಿರು, ಕರೀತೀವಿ," ಎಂದ ಪ್ರಧಾನಿ. ಬಿಸಿಲು ನೆತ್ತಿಗೇರಿತು. ಒಳಗೆ ಇಬ್ಬರೂ ಪಗಡೆ ಆಡುತ್ತ ನಗುವುದು ಕೇಳಿಸುತ್ತಿತ್ತು. ಕೊನೆಗೆ ಕರೆದರು. ಕೂರಲು ಚಾಪೆಯಿಲ್ಲ, ಕುಡಿಯಲು ನೀರಿಲ್ಲ.

"ಹೆಸರು?"

"ಕಾಟವ್ವ, ಸ್ವಾಮಿ."

"ಕಾಟ ತಾನಾಗೇ ನಡ್ಕೊಂಡು ಬಂದಿದೆ, ನೋಡೋ ಬೊಮ್ಮಣ್ಣ." ಪ್ರಧಾನಿ ದಾಳ ಉರುಳಿಸಿದ. "ಓದು ಕಲಿಸಿದ್ದು ಯಾರು?"

"ಯಾರೂ ಇಲ್ಲ. ಛತ್ರದವರು ಬಿಸಾಕಿದ ಓಲೆ ನೋಡಿ ನಾನೇ ಕಲಿತೆ."

"ಗಂಡ ಏನು ಮಾಡ್ತಾನೆ?"

"ಕೆಲಸ ಕೇಳೋಕೆ ಬಂದಿರೋದು ನಾನು, ಸ್ವಾಮಿ."

ದಳವಾಯಿ ಬಾಯಿ ತುಂಬ ಆಕಳಿಸಿದ. "ಈ ಬಾಯಿ ನೋಡಿದ್ರೆ ನೆಂಟರು ಬಾಗಿಲಲ್ಲೇ ತಿರುಗಿ ಓಡ್ತಾರೆ."

ಒಂದೊಂದು ಕುಹಕಕ್ಕೂ ಪ್ರಧಾನಿ ತನ್ನ ಸಂಚಿಯಿಂದ ಎಲೆ ತೆಗೆದು ಮೆಲ್ಲುತ್ತಿದ್ದ. ಸಂಚಿಯಲ್ಲಿ ಈಗ ಸುಣ್ಣದ ಡಬ್ಬಿ ಮಾತ್ರ ಉಳಿದಿತ್ತು. ಆದರೂ ಬೆರಳುಗಳು ತಡಕಾಡುತ್ತಿದ್ದವು. ಕಾಟವ್ವ ಅದನ್ನು ಕಂಡಳು.

"ಇನ್ನು ಪರೀಕ್ಷೆ," ಎಂದ ಪ್ರಧಾನಿ. ಆಳು ಬೆಳ್ಳಿಯ ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ ತಂದಿಟ್ಟು ಹೋದ. ಕಂಚಿಗುಡ್ಡದಲ್ಲಿ ಅದೊಂದು ಹಳೆಯ ಕಟ್ಟಳೆ: ಮಾಡಬೇಕಾದ ಕೆಲಸ ಹೇಳಿ ವೀಳ್ಯ ಇಟ್ಟರೆ, ಎತ್ತಿಕೊಂಡವರೇ ಅದನ್ನು ಮಾಡಬೇಕು. ಎತ್ತಿದ ಮೇಲೆ ನಾಯಕರು ಕೂಡ ಬಿಡಿಸುವ ಹಾಗಿಲ್ಲ.

"ನಾಳೆ ನಾಯಕರ ದೊಡ್ಡತ್ತೆ ಬರ್ತಾರೆ. ಅವರ ಬಾಯಲ್ಲಿ 'ಚೆನ್ನಾಗಿದೆ' ಅನ್ನಿಸಬೇಕು."

ದಳವಾಯಿ ಕಿಸಕ್ಕೆಂದ. ದೊಡ್ಡತ್ತೆ ಈವರೆಗೆ ಹೊಗಳಿದ್ದು ತಮ್ಮ ಸ್ವಂತ ಮೂಗನ್ನು ಮಾತ್ರ.

ಕಾಟವ್ವ ಕೈ ಚಾಚಿದಳು. ವೀಳ್ಯ ಎತ್ತಲಿಲ್ಲ, ಹರಿವಾಣವನ್ನೇ ತುಸು ಪ್ರಧಾನಿಯ ಕಡೆ ಸರಿಸಿದಳು. "ಇಷ್ಟೇನಾ, ಸ್ವಾಮಿ? ಇಷ್ಟಕ್ಕೆ ವೀಳ್ಯ ಬೇರೆ ಬೇಕಾ?"

ಪ್ರಧಾನಿ ಕೆರಳಿದ. "ಹಾಗಾದ್ರೆ ಅವರ ಪಲ್ಲಕ್ಕಿ ಹೊತ್ತು ಗುಡ್ಡ ಹತ್ತಬೇಕು."

"ಆಗಲಿ. ಆಮೇಲೆ?" ಹರಿವಾಣ ಇನ್ನಷ್ಟು ಸರಿಯಿತು.

"ನಿದ್ದೆ ಬರೋವರೆಗೂ ಕಾಲೊತ್ತಿ ಜೋಗುಳ ಹಾಡಬೇಕು," ಎಂದ ದಳವಾಯಿ.

"ಮುದುಕರಿಗೆ ಜೋಗುಳ ಹಾಡೋದು ಏನು ಮಹಾ?"

"ಅವರ ಕೋತಿಗೂ ಹಾಡಬೇಕು. ಅದು ಕಚ್ಚುತ್ತೆ."

"ಹಾಡಿದ್ರಾಯ್ತು. ಇನ್ನೇನೂ ಹೊಳೀತಿಲ್ವಾ?"

ಪ್ರಧಾನಿ ಕಣ್ಣು ಮುಚ್ಚಿ ಯೋಚನೆಗೆ ಬಿದ್ದ. ಹರಿವಾಣ ಅವನ ಮಂಡಿಗೆ ತಾಗಿ ನಿಂತಿತ್ತು. ಕೈ ತನ್ನಷ್ಟಕ್ಕೆ ತಾನೇ ಎಲೆ ಎತ್ತಿತು, ಸುಣ್ಣ ಸವರಿತು, ಅಡಿಕೆ ಇಟ್ಟು ಮಡಿಸಿ ಬಾಯಿಗಿಟ್ಟಿತು. ಇನ್ನೊಂದು ಮಡಿಸಿ ದಳವಾಯಿಗೂ ಕೊಟ್ಟಿತು.

ಅಷ್ಟರಲ್ಲಿ ನಾಯಕರು ಬಂದರು. "ಏನಮ್ಮ, ವೀಳ್ಯ ಎತ್ತಿದೆಯಾ?"

"ನಾನು ಮುಟ್ಟಲೇ ಇಲ್ಲ, ಬುದ್ಧಿ. ಇವರಿಬ್ಬರೇ ಎತ್ತಿದ್ರು. ಅರ್ಧ ನುಂಗಿಯೂ ಆಯ್ತು."

ಪ್ರಧಾನಿ ಏನೋ ಹೇಳಹೋದ. ಕೆಂಪು ರಸ ಗಡ್ಡಕ್ಕಿಳಿಯಿತು. ಕಾಟವ್ವ ಕೆಲಸವನ್ನೆಲ್ಲ ಒಪ್ಪಿಸಿದಳು: ಪಲ್ಲಕ್ಕಿ, ಗುಡ್ಡ, ಕಾಲು, ಜೋಗುಳ. ಕೋತಿಯ ಹೊತ್ತಿಗೆ ನಾಯಕರು ಕಂಬ ಹಿಡಿದು ನಗುತ್ತಿದ್ದರು.

"ಅದಿರಲಿ," ಎಂದರು ಕಣ್ಣೊರೆಸಿಕೊಂಡು. "ನಿನಗೆ ಬಿಡದಿ ಕೆಲಸ ಬರುತ್ತೆ ಅಂತ ಹೇಗೆ ನಂಬಲಿ?"

"ಇವರು ನನಗೆ ಚಾಪೆ ಹಾಕಲಿಲ್ಲ, ನೀರು ಕೊಡಲಿಲ್ಲ. ನಾನು ಇವರ ಸಂಚಿ ಬರಿದಾಗಿದ್ದು ನೋಡಿ, ಕೇಳೋ ಮೊದಲೇ ಎಲೆ ಅಡಿಕೆ ಕೈಗೆ ಎಟಕೋ ಹಾಗೆ ಇಟ್ಟೆ. ಕೆಲಸ ನಾನು ಆಗಲೇ ಶುರು ಮಾಡಿದ್ದೀನಿ, ಬುದ್ಧಿ. ಸೇರಿಸಿಕೊಳ್ಳೋದು ನಿಮಗೆ ಬಿಟ್ಟಿದ್ದು."

ನಾಯಕರು ಬಿಡದಿಯ ಬೀಗದ ಕೈ ಗೊಂಚಲನ್ನು ಅವಳ ಕೈಗೇ ಇಟ್ಟರು.

ಮರುದಿನ ಮಧ್ಯಾಹ್ನ ಪಲ್ಲಕ್ಕಿ ಗುಡ್ಡ ಹತ್ತಿ ಬಂತು. ಮುಂದಿನ ಕೊಂಬಿಗೆ ಪ್ರಧಾನಿ, ಹಿಂದಿನದಕ್ಕೆ ದಳವಾಯಿ, ದಳವಾಯಿಯ ತಲೆಯ ಮೇಲೆ ಕೋತಿ. ಕಾಟವ್ವ ದೊಡ್ಡತ್ತೆಗೆ ಮೆತ್ತೆ ಹಾಕಿದಳು, ಪಾನಕ ಕೊಟ್ಟಳು, ಕೋತಿಗೂ ಕೊಟ್ಟಳು.

"ತಾಯಿ," ಎಂದು ಪ್ರಧಾನಿ ಹೊಸ್ತಿಲಲ್ಲಿ ಏದುಸಿರು ಬಿಟ್ಟ, "ಒಂದು ಗುಟುಕು ನೀರು..."

"ಹೊರಗೆ ನಿಂತಿರಿ, ಸ್ವಾಮಿ. ಕರೀತೀನಿ."

ದೊಡ್ಡತ್ತೆ ಪಾನಕದ ಲೋಟ ಕೆಳಗಿಟ್ಟು ಪ್ರಧಾನಿಯನ್ನು ನೋಡಿದರು, ಕಾಟವ್ವನನ್ನು ನೋಡಿದರು.

"ಚೆನ್ನಾಗಿದೆ," ಎಂದರು.