ಮುಖಕ್ಕೆ ಹಚ್ಚಿದ ಗಂಧ

ಹೊಳೆಯ ದಡದಲ್ಲಿ ಒಂದು ಚಿಕ್ಕ ಆಶ್ರಮ. ಅಲ್ಲಿ ಗುರುಗಳಾಗಿದ್ದವರು ತಿರುಮಲಮ್ಮ ಎಂಬ ಮುದುಕಿ. ಅವರ ಶಿಷ್ಯೆ ಸುಭದ್ರೆಗೆ ಒಪ್ಪಿಸಿದ ಸೇವೆ ಒಂದೇ. ದಿನವೂ ಮಿಂದು ಬಂದು, ಸಾಣೆಕಲ್ಲಿನ ಮೇಲೆ ದೇವರಿಗೆ ಗಂಧ ತೇಯುವುದು.

ಒಂದು ಬೆಳಿಗ್ಗೆ ಪೂಜೆಗೆ ಕುಳಿತ ತಿರುಮಲಮ್ಮ ಬಟ್ಟಲು ನೋಡಿದರು. ತಳದಲ್ಲಿ ಬೆರಳ ತುದಿಯಷ್ಟು ಗಂಧವಿತ್ತು.

"ಏನೇ ಸುಭದ್ರೆ, ಸ್ವಾಮಿಗೆ ಇವತ್ತು ಏಕಾದಶಿಯೇ? ಗಂಧಕ್ಕೂ ಉಪವಾಸವೇ?"

ಸುಭದ್ರೆ ತಲೆ ತಗ್ಗಿಸಿದಳು. ಕಿವಿಯ ಹಿಂದೆ ತೊಳೆಯದೆ ಉಳಿದ ಅರಿಶಿನ ಕಾಣಿಸಿತು.

"ತಪ್ಪಾಯಿತಮ್ಮಾ. ದೇವರಿಗೆ ಏರಿಸುವ ಮೊದಲೇ ನಾನು ತೆಗೆದುಕೊಂಡೆ. ಕಸ್ತೂರಿ ಅರಿಶಿನ, ಲೋಳೆಸರ, ಜೇನು ಸೇರಿಸಿ ಮುಖಕ್ಕೆ ಹಚ್ಚುತ್ತಿದ್ದೇನೆ. ಹದಿನೈದು ದಿನವಾಯಿತು. ಇವತ್ತು ಕೈ ಸ್ವಲ್ಪ ಹೆಚ್ಚೇ ಹೋಯಿತು."

"ಸುಕ್ಕು ಹೋಗಲಿ ಅಂತಲೋ?"

"ಹೂಂ."

"ನನಗೂ ಒಂದು ಮಾತು ಹೇಳಬಾರದೇ? ನನ್ನ ಮುಖಕ್ಕಾದರೆ ಒಂದು ಕೊಡ ಬೇಕಾಗುತ್ತಿತ್ತು."

ಸುಭದ್ರೆ ನಗಲಿಲ್ಲ. ಅವಳ ಕಣ್ಣು ತುಂಬಿ ಬಂತು.

"ನಾಳೆ ನನ್ನ ಮಗಳು ಬರುತ್ತಾಳಮ್ಮಾ. ಅವರಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪನ ಮನೆಯವರು ಕರೆದುಕೊಂಡು ಹೋದರು. ಆಗ ಏಳು ವರ್ಷ ಅದಕ್ಕೆ. ನನ್ನ ಕೆನ್ನೆಗೆ ಕೆನ್ನೆ ಒತ್ತಿಕೊಳ್ಳದೆ ಮಲಗುತ್ತಿರಲಿಲ್ಲ. ಹದಿನಾಲ್ಕು ವರ್ಷವಾದ ಮೇಲೆ ಈಗ ನೋಡುತ್ತಾಳೆ. ಈ ಜೋತ ಕೆನ್ನೆ ನೋಡಿ, ಇವಳು ಯಾವಳೋ ಅಂದುಬಿಟ್ಟರೆ?"

ತಿರುಮಲಮ್ಮ ಬಟ್ಟಲು ಎತ್ತಿಕೊಂಡು ಹತ್ತಿರ ಸರಿದು ಕುಳಿತರು. "ಮುಖ ಎತ್ತು" ಎಂದರು.

"ಅಮ್ಮಾ, ಅದು ದೇವರದು!"

"ಅವನು ಕಾಯುತ್ತಾನೆ. ಅವನಿಗೇನು ವಯಸ್ಸಾಗುತ್ತದೆಯೇ?"

ಬೆರಳಿಂದ ಗಂಧ ತೆಗೆದು ಶಿಷ್ಯೆಯ ಹಣೆಗೆ ಹಚ್ಚಿದರು. ಕಣ್ಣಿನ ಅಂಚಿಗೆ ಹಚ್ಚಿದರು. ಹೆತ್ತವಳು ಕೂಸಿಗೆ ಎಣ್ಣೆ ಸವರುವಷ್ಟು ಮೆಲ್ಲಗೆ ಹಚ್ಚಿದರು. ಸುಭದ್ರೆ ಕಣ್ಣು ಮುಚ್ಚಿಕೊಂಡಳು. ಹಾಗೆ ಅವಳ ಮುಖ ಮುಟ್ಟಿದವರು ಬಹಳ ಕಾಲದಿಂದ ಯಾರೂ ಇರಲಿಲ್ಲ.

"ಎಷ್ಟು ವರ್ಷ ಅಳಿಸಲಿ, ಹೇಳು."

"ಹದಿನಾಲ್ಕೂ ಅಳಿಸಿಬಿಡಿ ಅಮ್ಮಾ. ಅವಳು ಬಿಟ್ಟು ಹೋದ ದಿನ ಹೇಗಿದ್ದೆನೋ ಹಾಗೆ ಮಾಡಿಬಿಡಿ."

ಕೆನ್ನೆಯ ಮೇಲೆ ಗುರುಗಳ ಬೆರಳು ನಿಂತಿತು.

"ಮಾಡೋಣ, ಮಗಳೇ. ಆಗ ನೀನು ಏಳು ವರ್ಷದ ಕೂಸಿಗೆ ತಾಯಿ. ನಾಳೆ ಬರುವವಳಿಗೆ ಇಪ್ಪತ್ತೊಂದು. ಅವಳಿಗೆ ತಾಯಿ ಯಾರು?"