ಬಾವಿಯ ಮೇಲಿನ ಮೌನ

"ಗುರುಗಳೇ, ಹನ್ನೆರಡು ವರ್ಷದಿಂದ ಕೂಗುತ್ತಿದ್ದೇನೆ. ಮೊದಮೊದಲು ಯಾರೋ ಹತ್ತಿರದಲ್ಲೇ ಇದ್ದಾರೆ ಅನ್ನಿಸುತ್ತಿತ್ತು. ಈಗ ಬರೀ ಮೌನ. ದೇವರು ನನ್ನನ್ನು ಬಿಟ್ಟು ಹೋದನೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕಲಾವಿದೆ ಇದ್ದಳು. ದೂರದ ಊರುಗಳಿಗೆ ನಡೆದೇ ಹೋಗುವುದು, ದಾರಿಯ ಸದ್ದುಗಳನ್ನು ಮುದ್ರಿಸಿಕೊಂಡು ಬಂದು ಜನರಿಗೆ ಕೇಳಿಸುವುದು ಅವಳ ಕಲೆ. ಒಂದು ವರ್ಷ ಕಡಲಂಚಿನಿಂದ ಹೊರಟು ಮೂಡಣಕ್ಕೆ ನಡೆದಳು. ಯಾವ ವಾಹನವನ್ನೂ ಹತ್ತಲಿಲ್ಲ. ಘಟ್ಟ ದಾಟಿ ಬಯಲುನಾಡು ಸೇರುವ ಹೊತ್ತಿಗೆ, ಕಾಲ ಕೆಳಗಿರುವುದು ಎರೆಮಣ್ಣೋ ಕೆಮ್ಮಣ್ಣೋ ಎಂದು ಕಣ್ಣು ಮುಚ್ಚಿ ಹೆಜ್ಜೆಯ ಸದ್ದಿನಲ್ಲೇ ಹೇಳಬಲ್ಲವಳಾಗಿದ್ದಳು.

ನಲವತ್ತನೆಯ ದಿನ ಒಂದು ಊರಿನ ಹೊರಗೆ ಗದ್ದಲ ಕೇಳಿಸಿತು. ಹೊಸದಾಗಿ ತೋಡುತ್ತಿದ್ದ ಬಾವಿ ಕುಸಿದಿತ್ತು. ತೋಡುತ್ತಿದ್ದ ದುರುಗಪ್ಪ ಒಳಗೆ ಸಿಕ್ಕಿಬಿದ್ದಿದ್ದ. ಇಡೀ ಊರೇ ಅಲ್ಲಿ ಸೇರಿತ್ತು. ಕೆಲವರು ಮಣ್ಣು ತೆಗೆಯುತ್ತಿದ್ದರು, ಕೆಲವರು ಅವನ ಹೆಸರು ಹಿಡಿದು ಕೂಗುತ್ತಿದ್ದರು. ಎಲ್ಲಿ ಅಗೆದರೂ ಅವನ ಸುಳಿವಿಲ್ಲ. ಹೆಂಡತಿ ಯಂಕವ್ವ ಎದೆ ಬಡಿದುಕೊಂಡು ಅಳುತ್ತಿದ್ದಳು.

ಕಲಾವಿದೆ ಅವಳ ಮುಂದೆ ಕುಳಿತಳು. "ಅಕ್ಕಾ, ಸ್ವಲ್ಪ ಹೊತ್ತು ಅಳು ತಡೆದುಕೋ. ನಾನು ನೆಲಕ್ಕೆ ಕಿವಿಗೊಡಬೇಕು, ಕೆಳಗಿನಿಂದ ಅವನ ಸದ್ದು ಕೇಳೀತು."

"ನನ್ನ ಗಂಡ ಮಣ್ಣಾಗ ಅದಾನ. ಸುಮ್ಮನಿರು ಅಂತೀಯೇನು ತಂಗಿ?"

ಹಾಗೆಂದ ಯಂಕವ್ವ ಬಂದವಳ ಮುಖವನ್ನೊಮ್ಮೆ ನೋಡಿದಳು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅದನ್ನು ಕಂಡು ಉಳಿದವರೂ ಸುಮ್ಮನಾದರು. ಹಾರೆ ಗುದ್ದಲಿ ಕೆಳಗಿಟ್ಟರು. ಎತ್ತಿನ ಕೊರಳ ಗಂಟೆಗೆ ಯಾರೋ ಹುಲ್ಲು ತುಂಬಿದರು. ತಾಯಂದಿರು ಕೂಸುಗಳಿಗೆ ಮೊಲೆ ಕೊಟ್ಟರು. ಮುನ್ನೂರು ಜನ ಉಸಿರು ಬಿಗಿಹಿಡಿದು ನಿಂತರು. ಊರು ಹುಟ್ಟಿದಂದಿನಿಂದ ಅಲ್ಲಿ ಅಂಥ ನಿಶ್ಶಬ್ದ ಆಗಿರಲಿಲ್ಲ.

ಕಲಾವಿದೆ ಸದ್ದು ಹಿಡಿಯುವ ತನ್ನ ಮೈಕನ್ನು ಮಣ್ಣಿಗೊತ್ತಿ, ಬಾವಿಯ ಸುತ್ತ ಹೆಜ್ಜೆಗೊಮ್ಮೆ ಕುಳಿತು ಕೇಳಿದಳು. ಬಹಳ ಹೊತ್ತು ಏನೂ ಇಲ್ಲ. ಬಡಗಣ ಬದಿಗೆ ಬಂದಾಗ ಕೈ ಎತ್ತಿದಳು. ಕೆಳಗೆ ಯಾರೋ ಬಂಡೆಗೆ ಕಲ್ಲು ತಟ್ಟುತ್ತಿದ್ದರು.

ಅಲ್ಲಿ ಅಗೆದರು. ಸಂಜೆಯೊಳಗೆ ದುರುಗಪ್ಪ ಹೊರಬಂದ. ಬಂಡೆಯ ಸಂದೊಂದು ಅವನನ್ನು ಉಳಿಸಿತ್ತು. ನೀರು ಕುಡಿದು ಹೆಂಡತಿಗೆ ಹೇಳಿದ: "ನಿಮ್ಮ ಕೂಗು ಕೇಳತಿತ್ತು, ಅದೇ ಧೈರ್ಯ. ತಟ್ಟಿ ತಟ್ಟಿ ಕೈಸೋತು ಬಿಟ್ಟಿದ್ದೆ. ಒಮ್ಮೆಲೇ ಎಲ್ಲಾ ಸದ್ದೂ ನಿಂತುಹೋಯ್ತು. ಸತ್ತ ಅಂತ ತಿಳಕೊಂಡು ಎಲ್ಲರೂ ಮನೆಗೆ ಹೋದರು ಅಂದುಕೊಂಡೆ. ಹಂಗ ಅಂಜಿದ್ದು ಇದೇ ಮೊದಲು. ಕತ್ತಲಾಗ ಕಲ್ಲು ತಡಕಿ ಮತ್ತ ತಟ್ಟಿದೆ."

ಯಂಕವ್ವ ಅವನ ಮಣ್ಣು ಮೆತ್ತಿದ ಕೈಯನ್ನು ಹಿಡಿದುಕೊಂಡಳು.

ಕಲಾವಿದೆ ತನ್ನ ನಡಿಗೆ ಮುಂದುವರಿಸಿದಳು. ಆ ದಾರಿಯುದ್ದಕ್ಕೂ ಹಿಡಿದಿಟ್ಟ ಸದ್ದುಗಳಲ್ಲಿ ಅವಳು ಮುಂದೆ ಜನರಿಗೆ ಕೇಳಿಸಿದ್ದು ಒಂದನ್ನೇ: ಮುನ್ನೂರು ಜನ ಸುಮ್ಮನೆ ನಿಂತಿದ್ದ ಆ ಹೊತ್ತು.

ಇಷ್ಟು ಹೇಳಿ ಗುರುಗಳು ಎದ್ದರು.

"ಬಿಟ್ಟು ಹೋದವರ ಮೌನ ಯಾವುದು, ಕಿವಿಗೊಟ್ಟು ನಿಂತವರ ಮೌನ ಯಾವುದು ಎಂದು ಬಾವಿಯ ತಳದಲ್ಲಿದ್ದವನಿಗೆ ತಿಳಿಯುವುದಿಲ್ಲ, ಮಗೂ."