ಅಜ್ಜನ ಬೇಡಿ

ಗೂಳಿಕಲ್ಲಿನ ಪಾಳೆಯಗಾರ ಸಿರಿಯಪ್ಪ ನಾಯಕನಿಗೆ ಆಗಾಗ ಹೊಸ ಕಾನೂನು ಹುಟ್ಟಿಸುವ ಚಪಲ. ಒಂದು ದಿನ ಓಲಗದಲ್ಲಿ ಮೀಸೆ ತಿರುವುತ್ತ, "ಇವತ್ತಿನಿಂದ ನನ್ನ ಸೀಮೆಯಲ್ಲಿ ಅಪರಾಧಿಯ ವಯಸ್ಸು ಕೇಳುವ ಹಾಗಿಲ್ಲ. ದೊಡ್ಡವರ ಕೆಲಸ ಮಾಡಿದವನು ದೊಡ್ಡವನೇ. ಇಂಥ ಕಾನೂನು ಬೇರೆ ಯಾವ ದೊರೆಗಾದರೂ ಹೊಳೆದಿತ್ತೇ?" ಎಂದ.

ಯಾರಿಗೂ ಹೊಳೆದಿರಲಿಲ್ಲವೆಂದು ಓಲಗದವರೆಲ್ಲ ತಲೆಯಾಡಿಸಿದರು. ತಲೆಯಾಡಿಸುವುದೇ ಅವರ ಉದ್ಯೋಗ.

ಕಾನೂನು ನಿಜವಾಗಿ ಹೊಳೆದದ್ದು ದಳವಾಯಿ ಭರಮಣ್ಣನಿಗೆ. ಅವನ ಮಗ ಸರ್ಜಪ್ಪ ಕುದುರೆ ಏರಿ ಕುರಿಹಿಂಡಿನ ನಡುವೆ ನುಗ್ಗಿ, ಅಡ್ಡ ಬಂದ ನಾಯಿಗೆ ಚಾಟಿಯಿಂದ ಬಾರಿಸಿದ್ದ. ಕುರಿ ಕಾಯುತ್ತಿದ್ದ ಒಂಬತ್ತು ವರ್ಷದ ಚಿಕ್ಕೀರ ಕವಣೆ ಬೀಸಿದ. ಕಲ್ಲು ಬಿದ್ದ ಪೆಟ್ಟಿಗೆ ಸರ್ಜಪ್ಪನ ದವಡೆ ಎರಡು ಕಡೆ ಮುರಿಯಿತು. ಇಪ್ಪತ್ತು ದಿನದಿಂದ ಅವನಿಗೆ ಗಂಜಿಯೇ ಗತಿ. ಹುಡುಗನ ಬಲಗೈ ಕತ್ತರಿಸಬೇಕೆಂದು ದಳವಾಯಿ ಪಟ್ಟು ಹಿಡಿದಿದ್ದ.

ಹುಡುಗನ ತಾಯಿ ಕೆಂಚವ್ವ ನೆಲಕ್ಕೆ ಹಣೆ ಹಚ್ಚಿದಳು. "ನನ್ ಮಗ ತಪ್ಪು ಮಾಡವ್ನೆ ಬುದ್ಧಿ, ಇಲ್ಲ ಅನ್ನಾಕಿಲ್ಲ. ಹೊಡೀರಿ, ದುಡಿಸ್ಕಳಿ. ಕೈ ಒಂದು ಬುಟ್ಬುಡಿ."

ನಾಯಕ ಕಿವಿಗೊಡಲಿಲ್ಲ. ಹೊಸ ಕಾನೂನಿಗೆ ಮೊದಲ ಅಪರಾಧಿ ಸಿಕ್ಕ ಸಂತೋಷ ಅವನಿಗೆ.

ಆಸ್ಥಾನದ ವಿದೂಷಕ ಲಕ್ಕರಸ ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದ. ಹುಡುಗ ಮಾಡಿದ್ದು ಸಣ್ಣ ತಪ್ಪೇನಲ್ಲ. ಕಲ್ಲು ನಾಲ್ಕು ಬೆರಳು ಮೇಲೆ ಬಿದ್ದಿದ್ದರೆ ಸರ್ಜಪ್ಪ ಉಳಿಯುತ್ತಿರಲಿಲ್ಲ. ಅದು ಲಕ್ಕರಸನಿಗೆ ಗೊತ್ತಿತ್ತು. ಆದರೆ ತಾಯಿಯ ಸೆರಗು ಹಿಡಿದು ಕೂತ ಮಗುವಿನ ಕೈಯನ್ನು ಮಣಿಕಟ್ಟಿನಿಂದ ಕತ್ತರಿಸುವುದೋ ಮೊಣಕೈಯಿಂದಲೋ ಎಂದು ಚರ್ಚೆಗೆ ಕೂತ ದೊಡ್ಡವರನ್ನು ಕಂಡು ಅವನಿಗೆ ಮೈ ಉರಿಯಿತು. ಮೈ ಉರಿದಾಗ ಅವನು ಹೊಗಳಲು ಶುರುಮಾಡುತ್ತಿದ್ದ.

"ಎಂಥ ಕಾನೂನು, ಪ್ರಭು! ಇದನ್ನು ಕಾಟಾಚಾರಕ್ಕೆ ನಡೆಸಬಾರದು. ನಿಮ್ಮ ಮುತ್ತಜ್ಜನವರ ಪದ್ಧತಿಯಂತೆ, ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ನಡೆಯಲಿ" ಎಂದ.

ಇವನೂ ತನ್ನ ಕಡೆಗೆ ಬಂದನೆಂದು ದಳವಾಯಿ ಹಿಗ್ಗಿದ. ಪದ್ಧತಿ ಮೀರುವುದಿಲ್ಲವೆಂದು ಎಲ್ಲರೂ ಆಣೆ ಮಾಡಲಿ ಎಂದು ಅವನೇ ಒತ್ತಾಯಿಸಿ, ಎಲ್ಲರಿಗಿಂತ ಮೊದಲು ತಾನೇ ಆಣೆ ಮಾಡಿದ. ನಾಯಕನೂ ಮಾಡಿದ.

ಗೂಳಿಕಲ್ಲಿನ ಪದ್ಧತಿ ಇಷ್ಟು: ನಾಯಕನ ಮುತ್ತಜ್ಜ ಮಾಡಿಸಿದ ಒಂದು ಜೊತೆ ಕಬ್ಬಿಣದ ಬೇಡಿ ಇತ್ತು. ಆಯುಧಪೂಜೆಯಲ್ಲಿ ಕತ್ತಿಗಿಂತ ಮೊದಲು ಅದಕ್ಕೇ ಕುಂಕುಮ. ಶಿಕ್ಷೆಗೆ ಒಳಗಾದವನು ಆ ಬೇಡಿ ತೊಟ್ಟು ಓಲಗಕ್ಕೆ ಮೂರು ಸುತ್ತು ಬರಬೇಕು, ಆಮೇಲೆಯೇ ಶಿಕ್ಷೆ. ಕಮ್ಮಾರನ ಸುತ್ತಿಗೆ ಅದನ್ನು ಮುಟ್ಟುವಂತಿರಲಿಲ್ಲ.

ಬೇಡಿ ಬಂತು. ಚಿಕ್ಕೀರನ ಕೈಗೆ ತೊಡಿಸಿ ಕೀಲಿ ಹಾಕಿದರು. ಹುಡುಗ ಎದ್ದು ನಿಂತ, ಕೈ ಇಳಿಬಿಟ್ಟ. ಬೇಡಿ ಠಣ್ಣೆಂದು ನೆಲಕ್ಕೆ ಬಿತ್ತು. ಮತ್ತೆ ತೊಡಿಸಿದರು, ಮತ್ತೆ ಬಿತ್ತು. ಪಾಪ, ಹುಡುಗ ತನ್ನಿಂದ ಇನ್ನೊಂದು ತಪ್ಪಾಯಿತೆಂದು ಹೆದರಿ, ಅದನ್ನು ತಾನೇ ಎತ್ತಿ ಭಟನ ಕೈಗೆ ಕೊಟ್ಟ.

ಬಟ್ಟೆ ಸುತ್ತಿ ಬಿಗಿ ಮಾಡಿ ಎಂದ ದಳವಾಯಿ. ಆಣೆ ಮಾಡಿದವರು ತಾವೇ ಅಲ್ಲವೇ ಎಂದು ಲಕ್ಕರಸ ನೆನಪಿಸಿದ. ಹಾಗಾದರೆ ಕಾಲಿಗೆ ಹಾಕಿ ಎಂದ ದಳವಾಯಿ.

"ಹಾಕಬಹುದು. ಆದರೆ ತಾವು ಕೇಳಿದ್ದು ಕೈಯನ್ನು" ಎಂದ ಲಕ್ಕರಸ.

ದಳವಾಯಿಗೆ ರೇಗಿತು. ಬೇಡಿಯೇ ಹಳತಾಗಿ ಸಡಿಲಗೊಂಡಿದೆ ಎಂದು ಕೂಗಾಡಿದ. ಮುತ್ತಜ್ಜನ ಬೇಡಿಯನ್ನು ಹಳಿದದ್ದು ಕೇಳಿ ನಾಯಕನ ಹುಬ್ಬು ಗಂಟಾಯಿತು. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಲಕ್ಕರಸ ಬೇಡಿ ಎತ್ತಿಕೊಂಡು, ದವಡೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಸರ್ಜಪ್ಪನ ಮುಂಗೈಗೆ ತೊಡಿಸಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಎಷ್ಟು ಕೊಡವಿದರೂ ಜಾರಲಿಲ್ಲ.

"ಬೇಡಿ ಸರಿಯಾಗಿಯೇ ಇದೆ, ಪ್ರಭು. ಆದರೆ ನನಗೊಂದು ಅನುಮಾನ. ಹೋದ ದಸರೆಯಲ್ಲಿ ಗಡಿ ಕಾವಲಿಗೆ ಹೆಸರು ಕೂಗಿದಾಗ ದಳವಾಯಿಗಳು, ನನ್ನ ಸರ್ಜಪ್ಪ ಇನ್ನೂ ಮಗು ಎಂದು ಬಿಡಿಸಿಕೊಂಡಿದ್ದರು. ಆ ಮಗುವಿಗೆ ಹತ್ತೊಂಬತ್ತು ತುಂಬಿ ಮೀಸೆ ಬಂದಿದೆ. ಈ ಗಂಡಸಿಗೆ ಒಂಬತ್ತು, ಹಲ್ಲೇ ಪೂರ್ತಿ ಬಂದಿಲ್ಲ. ನಮ್ಮ ಸೀಮೆಯಲ್ಲಿ ವಯಸ್ಸು ಮೈಗೆ ಬರುತ್ತದೋ, ಅಪ್ಪನ ಪದವಿಗೆ ಬರುತ್ತದೋ?"

ಓಲಗದಲ್ಲಿ ಯಾರೂ ತಲೆಯಾಡಿಸಲಿಲ್ಲ. ನಾಯಕ ಒಮ್ಮೆ ಸರ್ಜಪ್ಪನ ಮುಂಗೈ ನೋಡಿದ, ಒಮ್ಮೆ ಚಿಕ್ಕೀರನದನ್ನು. ಅವನಿಗೆ ನಾಚಿಕೆಯಾಯಿತು. ದೊರೆಗಳಿಗೆ ನಾಚಿಕೆಯಾದಾಗ ಅವರು ಗದರುತ್ತಾರೆ.

"ಹಾಗಾದರೆ ಇವನನ್ನು ಸುಮ್ಮನೆ ಬಿಟ್ಟುಬಿಡಬೇಕೇನು?"

ಬಿಡುವುದು ಬೇಡ ಎಂದ ಲಕ್ಕರಸ. ಮುರಿದ ದವಡೆ ಕೂಡುವವರೆಗೆ ಸರ್ಜಪ್ಪನಿಗೆ ಮೂರು ಹೊತ್ತೂ ಗಂಜಿ ಕುಡಿಸುವ ಕೆಲಸ ಚಿಕ್ಕೀರನದು. ತಾನು ಮುರಿದದ್ದು ಎಂಥದ್ದೆಂದು ಅವನು ದಿನಾ ನೋಡಲಿ. ಕೂಡಿದ ಮರುದಿನ ಸರ್ಜಪ್ಪ ಗಡಿಗೆ ಹೊರಡಲಿ. ಇನ್ನು ಬೇಡಿ ಹಿಡಿಸುವಷ್ಟು ಕೈ ಬೆಳೆಯುವವರೆಗೆ ಹುಡುಗನಿಗೆ ಅನ್ನ, ಅಕ್ಷರ, ಬುದ್ಧಿ ಎಲ್ಲ ಅರಮನೆಯದು, ತಾಯಿಯೂ ಜೊತೆಗಿರಲಿ ಎಂದ.

"ಕೈ ಬೆಳೆದ ಮೇಲೂ ಅವನು ಕಲ್ಲು ಬೀಸಿದರೆ?" ದಳವಾಯಿ ಹಲ್ಲು ಕಡಿದ.

"ಆಗ ಬೇಡಿ ಹಾಕಲೇಬೇಕು, ದಳವಾಯಿಗಳೇ" ಎಂದ ಲಕ್ಕರಸ ವಿನಯದಿಂದ. "ಮೊದಲು ಅವನನ್ನು ಸಾಕಿದವರ ಕೈಗೆ."

ನಾಯಕ ತನ್ನ ಮುಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುನಗುತ್ತಲೇ ಕೈಯಲ್ಲಿದ್ದ ಚಿನ್ನದ ಕಡಗ ಬಿಚ್ಚಿ ಲಕ್ಕರಸನ ಅಂಗೈಗೆ ಹಾಕಿದ.

"ಇಟ್ಟುಕೋ. ಈ ಹುಡುಗ ದೊಡ್ಡವನಾಗುವವರೆಗೆ ನನ್ನ ಕೈ ಖಾಲಿ ಇರುವುದೇ ವಾಸಿ."